ಒಂಬತ್ತು ಟ್ರ್ಯಾಕ್ಟರ್‌ಗಳ ಲೆಕ್ಕ

ಕೊಗನೊಳ್ಳಿ ನಾಕಾದ ಹತ್ತಿರ
19 ಜನವರಿ 2025

ಮಿತ್ರಾ,

ನಿನ್ನೆ ಮುಂಜಾನೆ ಹನ್ನೊಂದಕ್ಕೆ ನಮ್ಮ ಗಾಡಿ ಮಹಾರಾಷ್ಟ್ರದ ಗಡಿ ದಾಟಿತು. ಗುಜರಾತಿನ ಕಾರ್ಖಾನೆ ಬಿಟ್ಟು ನೂರಾ ಎಂಟು ದಿನ. ಬಂದದ್ದು ಎಂಟುನೂರು ಚಿಲ್ಲರೆ ಕಿಲೋಮೀಟರ್. ಮೂಡಲಗಿಗೆ ಇನ್ನು ನೂರರ ಆಸುಪಾಸು. ಬಸ್ಸಿನಲ್ಲಿ ಕೂತರೆ ಮೂರು ತಾಸು. ನಮಗೆ ಎಷ್ಟು ದಿನವೋ ಗೊತ್ತಿಲ್ಲ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ‘ಊಟ ಆತೇನು’ ಎನ್ನುವುದರ ಆಚೆ ಹೋದದ್ದು ಕಡಿಮೆ. ನೀನು ವಸತಿ ಶಾಲೆಯಲ್ಲಿದ್ದಾಗ ಗಾಡಿ ನಿಂತ ಊರಿಂದೆಲ್ಲ ನಾನು ಒಂದೊಂದು ಕಾರ್ಡು ಹಾಕುತ್ತಿದ್ದೆ, ನೀನೂ ತಿರುಗಿ ಕಾರ್ಡು ಬರೆಯುತ್ತಿದ್ದೆ. ನೀನು ಎಂಜಿನಿಯರ್ ಆದ ಮೇಲೂ ಆ ರೂಢಿ ಬಿಡಲಿಲ್ಲ.

ಗಾಡಿಯ ವಿವರ ಕೇಳು. ಮೇಲೆ ಕೂತಿರುವುದು ಒಂದೇ ಒಂದು ಟ್ರಾನ್ಸ್‌ಫಾರ್ಮರ್. ಮೂಡಲಗಿಯ ಹೊರಗೆ ಹೊಸದಾಗಿ ಕಟ್ಟುತ್ತಿರುವ ವಿದ್ಯುತ್ ಕೇಂದ್ರಕ್ಕೆ ಹೋಗಬೇಕಾದದ್ದು. ಅದರ ತೂಕವೇ ನೂರಾ ನಲವತ್ತೆಂಟು ಟನ್. ಅದನ್ನು ಹೊತ್ತ ಟ್ರೇಲರಿಗೆ ನೂರಾ ಇಪ್ಪತ್ತೆಂಟು ಗಾಲಿ. ಮುಂದೆ ಎಳೆಯಲು ಒಂದು ಎಂಜಿನ್ ಗಾಡಿ, ಹಿಂದೆ ನೂಕಲು ಇನ್ನೊಂದು. ಎಲ್ಲ ಸೇರಿ ಇನ್ನೂರೈವತ್ತು ಟನ್. ಮುಂದಿನ ಗಾಡಿ ನನ್ನದು. ಹಿಂದಿನದನ್ನು ಅಶೋಕ ನಡೆಸುತ್ತಾನೆ. ಹನ್ನೆರಡು ವರ್ಷದಿಂದ ನನ್ನ ಜೊತೆಗಿದ್ದಾನೆ.

ಭರೂಚಿನ ಹತ್ತಿರ ನರ್ಮದೆ ದಾಟುವಾಗ ಸೇತುವೆಯನ್ನು ಪೂರ್ತಿ ಖಾಲಿ ಮಾಡಿಸಿದ್ದರು. ಅಷ್ಟುದ್ದದ ಸೇತುವೆಯ ಮೇಲೆ ಒಂದು ಸೈಕಲ್ ಕೂಡ ಇರಲಿಲ್ಲ. ನಡೆಯುವ ಮನುಷ್ಯನಿಗಿಂತ ನಿಧಾನ ಹೋದೆವು. ಆ ಕಡೆ ಮುಟ್ಟಿದ ಮೇಲೆ ಕೆಳಗೆ ಅಳತೆ ಹಿಡಿದಿದ್ದ ಎಂಜಿನಿಯರ್ ಬಂದು, ಸೇತುವೆ ನಮ್ಮ ಭಾರಕ್ಕೆ ಒಂದಿಷ್ಟು ಬಾಗಿ, ನಾವು ಹೋದ ಮೇಲೆ ಮತ್ತೆ ಮೊದಲಿನ ಜಾಗಕ್ಕೆ ಬಂತು ಎಂದು ಹೇಳಿದ. ಅಂಥ ದೊಡ್ಡದು ಬಾಗುತ್ತದೆ, ಮತ್ತೆ ಏಳುತ್ತದೆ.

ಒಂದು ವಿಷಯ. ಈ ಕೆಲಸಕ್ಕೆ ಬಂದು ಮೂವತ್ತೊಂದು ವರ್ಷ. ನಾನು ಏನು ಮಾಡುತ್ತೇನೆಂದು ನಮ್ಮೂರು ಮಸಗುಪ್ಪಿಯಲ್ಲಿ ಒಬ್ಬರೂ ಕಣ್ಣಿಂದ ನೋಡಿಲ್ಲ. ನಿನ್ನ ಅವ್ವನಿಗೆ ಒಮ್ಮೆ ಫೋಟೋ ತೋರಿಸಿದಾಗ, “ಇದು ಮನಿ ಐತಿ, ಗಾಡಿ ಎಲ್ಲೈತಿ?” ಎಂದು ಕೇಳಿದ್ದಳು. ಮಾರ್ಚ್ 31ಕ್ಕೆ ನನ್ನ ನೌಕರಿ ಮುಗಿಯುತ್ತದೆ. ನಾನು ಹುಟ್ಟಿದ್ದು ಜೋಳ ಹೊಡೆ ಹಾಯ್ದು ತೆನೆ ಬಿಡುವ ಕಾಲಕ್ಕಂತೆ. ಸಾಲಿಗೆ ಹಾಕುವಾಗ ಮಾಸ್ತರರು ಏಪ್ರಿಲ್ ಒಂದು ಎಂದು ಬರೆದರು. ಮಾಸ್ತರರು ಬರೆದ ತಾರೀಖಿಗೆ ಅರವತ್ತಾಗುತ್ತದೆ. ಅರವತ್ತಾದವನನ್ನು ವಿಮೆಯವರು ಇಂಥ ಗಾಡಿಯ ಸ್ಟೇರಿಂಗಿಗೆ ಕೂರಿಸುವುದಿಲ್ಲ. ಅದಕ್ಕೇ ಕಂಪನಿಗೆ ಕೇಳಿಕೊಂಡು ಈ ಲೋಡು ಹಿಡಿದೆ. ಮೂಡಲಗಿ ರಸ್ತೆಯಲ್ಲಿ ನಮ್ಮ ಮಂದಿಯ ಮುಂದೆ ಒಂದು ಸಲ ಈ ಗಾಡಿ ನಡೆಸಬೇಕು. ಅಷ್ಟೇ ಆಸೆ.

ಅವ್ವನಿಗೆ ಓದಿ ಹೇಳು.

ನಿನ್ನ ಅಪ್ಪ,
ಕೇದಾರಿ

*

ಮೂಡಲಗಿ
27 ಜನವರಿ 2025

ಅಪ್ಪಾ,

ಪತ್ರ ಮುಟ್ಟಿತು. ಇದನ್ನು ಸಂಕೇಶ್ವರದ ಬಸ್ಸಿನ ಕಂಡಕ್ಟರ್ ಕೆಂಚಪ್ಪ ಮಾಮಾನ ಕೈಯಲ್ಲಿ ಕೊಡುತ್ತಿದ್ದೇನೆ. ಸಂಕೇಶ್ವರದಲ್ಲಿ ನೀವು ನಿಲ್ಲುವ ಧಾಬಾ ಅವರಿಗೆ ಗೊತ್ತಂತೆ.

ನಿಮ್ಮ ಗಾಡಿಯ ಫೈಲು ಹದಿನೈದು ದಿನದ ಹಿಂದೆಯೇ ನನ್ನ ಮೇಜಿಗೆ ಬಂದಿದೆ. ‘ಚಾಲಕ: ಕೇದಾರಿ ಸಿದ್ರಾಮ, ಸಾ. ಮಸಗುಪ್ಪಿ’ ಎಂದು ಟೈಪಾದದ್ದನ್ನು ಎರಡು ಸಲ ಓದಿದೆ. ನೀವು ಬರುವ ದಾರಿಯಲ್ಲಿ ಅರಭಾವಿ ದಾಟಿದ ಮೇಲೆ ಕೆನಾಲ್ ಬ್ರಿಜ್ಜು ಇದೆಯಲ್ಲ, ಅದು ನನ್ನ ಸೆಕ್ಷನ್ನಿಗೆ ಬರುತ್ತದೆ. ಅದರ ಮೇಲೆ ನಿಮ್ಮ ಗಾಡಿ ಹೋಗಬಹುದೋ ಇಲ್ಲವೋ ಎಂದು ನಾನು ವರದಿ ಕೊಡಬೇಕು. ಚಾಲಕ ನನ್ನ ತಂದೆ ಎಂದು ಮೇಲಧಿಕಾರಿಗೆ ಅದೇ ದಿನ ಬರೆದುಕೊಟ್ಟೆ. ಅವರು ಓದಿ, “ಡ್ರೈವರ್ ಯಾರಾದರೇನ್ರಿ, ಭಾರ ಅಷ್ಟ ಅಲ್ಲೇನು?” ಎಂದು ನಕ್ಕು ಫೈಲು ತಿರುಗಿ ಕೊಟ್ಟರು.

ಬ್ರಿಜ್ಜು ಕಲ್ಲಿನದು, ಮೂರು ಕಮಾನು. ನಕ್ಷೆ ಎಲ್ಲೂ ಸಿಕ್ಕಿಲ್ಲ. ಕೆನಾಲಿನಲ್ಲಿ ನೀರು ತುಂಬಿ ಹರಿಯುತ್ತಿರುವುದರಿಂದ ಕಮಾನುಗಳ ಕೆಳಗೆ ಇಳಿಯಲು ಆಗಿಲ್ಲ. ಬರುವ ವಾರ ಹೊಲಗಳಿಗೆ ನೀರು ಬಿಡುವ ಪಾಳಿ ಬದಲಾಗುವಾಗ ನೀರು ಮೊಣಕಾಲಿಗೆ ಇಳಿಯುತ್ತದೆ. ಆಗ ಇಳಿದು ನೋಡುತ್ತೇನೆ. ತೀರ್ಮಾನ ಆಗುವವರೆಗೆ ನಾನು ಗಾಡಿಯ ಹತ್ತಿರ ಬರುವುದು ಸರಿಯಲ್ಲ. ತಪ್ಪು ತಿಳಿಯಬೇಡಿ.

ನಿನ್ನೆ ರವಿವಾರ ಊರಿಗೆ ಹೋಗಿ ನಿಮ್ಮ ಪತ್ರ ಓದಿ ಹೇಳಿದೆ. ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೇಳಿದಳು. ನರ್ಮದೆಯ ಮಾತು ಬಂದಾಗ ಕೈ ನಿಂತಿತು. ಕಡೆಗೆ ನಿಮ್ಮ ಆಸೆ ಓದಿದಾಗ ಹೀಗೆಂದಳು:

“ಬರಿ ಅವರಿಗೆ. ಮೂವತ್ತೊಂದು ವರ್ಷ ಮನಿ ಬಾಗಲಕ್ಕ ತಾವ ಬರಲಿಲ್ಲ, ಈಗ ಗಾಡಿ ತರಾಕತ್ತಾರ. ಗಾಡೀಗೇನ ನಾ ಹೋಳಿಗಿ ಮಾಡ್ಲೇನು?”

“ಹಂಗ ಬರಿಯಾಕ ಆಗತೈತೇನವ್ವ?” ಎಂದೆ.

“ಬರಿ, ಬರಿ. ಓದಿ ನಗತಾರ.”

ಬರೆದಿದ್ದೇನೆ. ನನ್ನ ಪದವಿ ಪ್ರದಾನದ ದಿನ ನಿಮ್ಮ ಕುರ್ಚಿ ಖಾಲಿ ಇತ್ತು, ನೀವು ಯಾವುದೋ ಘಾಟಿನಲ್ಲಿದ್ದಿರಿ. ಅದನ್ನು ನಾನು ಮರೆತಿಲ್ಲ. ಆದರೂ ನಿಮ್ಮ ಗಾಡಿ ನಡೆಯುವುದನ್ನು ನೋಡಬೇಕೆಂದು ನನಗೂ ಇದೆ.

ನಿಮ್ಮ ಮಗಳು,
ಸಂಘಮಿತ್ರಾ

*

ಹುಕ್ಕೇರಿಯ ಹೊರಗೆ, ಘಟಪ್ರಭಾ ರಸ್ತೆ
11 ಫೆಬ್ರುವರಿ 2025

ಮಿತ್ರಾ,

ಹುಕ್ಕೇರಿ ಮುಟ್ಟಿ ಐದು ದಿನ. ರಸ್ತೆ ಬದಿಯ ಒಂದು ಬಯಲಲ್ಲಿ ಗಾಡಿ ನಿಲ್ಲಿಸಿದ್ದೇವೆ. ಇಲ್ಲಿ ದಿನವೂ ಜನ. ಬಸ್ಸಿನವರು ಕೂಡ ನಿಲ್ಲಿಸಿ ನೋಡುತ್ತಾರೆ. ಬೀರಸಿದ್ದಪ್ಪ ಎಂಬ ಹಿರಿಯರು ಕುರಿ ಬಿಟ್ಟುಕೊಂಡು ಬಂದವರು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದು ಕೇಳಿದರು:

“ಏನ್ರಿ ಡ್ರೈವರ್ ಸಾಹೇಬ್ರ, ಇದು ಏನೈತ್ರಿ?”

“ಟಿಸಿ ರೀ.”

“ನಮ್ಮ ಹೊಲದಾಗ ಕಂಬದ ಮ್ಯಾಲ ಕುಂದರತೈತಲ್ಲ, ಆ ಟಿಸಿ?”

“ಅದರ ಮುತ್ತ್ಯಾ ರೀ ಇದು.”

ಹಿರಿಯರು ನಗಲಿಲ್ಲ. ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತರು. “ಇದನ್ನ ಮನಷ್ಯಾರ ಮಾಡ್ಯಾರ?” ಎಂದರು. ಹೌದೆಂದೆ. “ಮತ್ತ ಮನಷ್ಯಾನ ಎಳೀತಾನ?” ಎಂದರು. ನಾನು ನನ್ನ ಎದೆ ಮುಟ್ಟಿ ತೋರಿಸಿದೆ. ಅವರ ಹಿಂದೆ ಬಂದಿದ್ದ ಅವರ ಸೊಸೆ ಕೆಂಪವ್ವ ಮಾತ್ರ, “ಇಷ್ಟ ದೊಡ್ಡ ಟಿಸಿ ಬಂದ ಮ್ಯಾಲರ ಹಗಲಿನ್ಯಾಗ ಕರೆಂಟ್ ಕೊಡ್ತಾರಂತೇನ್ರಿ?” ಎಂದು ಕೇಳಿದಳು.

ನಿಂತ ಗಾಡಿ ನೋಡಲು ಬರಬೇಡ, ನಡೆಯುವಾಗ ನೋಡು ಎಂದು ಅವ್ವನಿಗೆ ಫೋನಿನಲ್ಲಿ ಹೇಳಿದ್ದೇನೆ.

ಈಗ ಕೆಲಸದ ಮಾತು. ಆರನೇ ತಾರೀಖು ನಾನು, ಅಶೋಕ ಮೋಟರ್ ಸೈಕಲ್ ಮೇಲೆ ಮುಂದಿನ ದಾರಿ ನೋಡಿ ಬಂದೆವು. ನಿನ್ನ ಬ್ರಿಜ್ಜಿನ ತನಕ ಹೋಗಿ ಅಲ್ಲಿಂದಲೇ ತಿರುಗಿದೆ. ಮನೆ ಹತ್ತು ಕಿಲೋಮೀಟರ್ ಇತ್ತು. ಗಾಡಿ ದಾರಿಯ ಮೇಲಿರುವಾಗ ಚಾಲಕ ಮನೆ ಹೊಸ್ತಿಲು ತುಳಿಯಬಾರದೆಂಬುದು ನಮ್ಮ ಕೆಲಸದವರ ಪದ್ಧತಿ. ಮನಸ್ಸು ಅಲ್ಲಿ ಉಳಿದು ಬರೀ ಕೈಕಾಲು ತಿರುಗಿ ಬರುತ್ತವೆ ಎನ್ನುತ್ತಾರೆ. ಅಶೋಕ ಹೋಗಿ ಬನ್ನಿ ಎಂದ. ಹೋಗಲಿಲ್ಲ.

ನೀನು ಇನ್ನೂ ಒಪ್ಪಿಗೆ ಕೊಟ್ಟಿಲ್ಲವೆಂದು ಕಂಪನಿಯವರು ಹೇಳಿದರು. ನಾವು ಅಲ್ಲಿಗೆ ಹೋದಾಗ ಕಾರ್ಖಾನೆಯ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರ್‌ಗಳು ಬ್ರಿಜ್ಜಿನ ಹತ್ತಿರ ಸಾಲಾಗಿ ನಿಂತಿದ್ದವು. ಎಣಿಸಿದೆ, ಒಂಬತ್ತು. ಒಂದೊಂದಕ್ಕೆ ಎರಡು ಟ್ರ್ಯಾಲಿ, ಮೂವತ್ತು ಟನ್ನಿಗೆ ಕಡಿಮೆ ಇಲ್ಲ. ಒಂಬತ್ತು ಮೂವತ್ತಲೇ ಇನ್ನೂರ ಎಪ್ಪತ್ತು. ಮುಕ್ಕಾಲು ತಾಸು ನಿಂತಿದ್ದವು, ಬ್ರಿಜ್ಜು ಅಲುಗಲಿಲ್ಲ. ನಮ್ಮದು ಇನ್ನೂರೈವತ್ತು. ಇಪ್ಪತ್ತು ಟನ್ ಕಮ್ಮಿಯೇ ಆಯಿತು.

ನಾನು ಯಾವತ್ತೂ ನಿನ್ನ ಹತ್ತಿರ ಏನೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ಸಹಿ ಹಾಕು. ಮಾರ್ಚ್ ಮುಗಿಯುವುದರೊಳಗೆ ನಾನು ದಾಟಬೇಕು.

ಅಪ್ಪ

*

ಮೂಡಲಗಿ
16 ಫೆಬ್ರುವರಿ 2025

ಅಪ್ಪಾ,

ಸಹಿ ಹಾಕುವುದಿಲ್ಲ. ಈ ಬ್ರಿಜ್ಜಿನ ಮೇಲೆ ನಿಮ್ಮ ಗಾಡಿ ಹೋಗಕೂಡದು ಎಂದು ನಿನ್ನೆ ವರದಿ ಕೊಟ್ಟಿದ್ದೇನೆ.

ನಿಮ್ಮ ಒಂಬತ್ತು ಟ್ರ್ಯಾಕ್ಟರ್‌ಗಳ ಲೆಕ್ಕ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಗುತ್ತಿಗೆದಾರರೂ ಅದನ್ನೇ ಹೇಳಿದರು, ಚಹಾದಂಗಡಿಯವನೂ ಅದನ್ನೇ ಹೇಳಿದ. ನಮ್ಮ ಸೀಮೆಯಲ್ಲಿ ಬ್ರಿಜ್ಜಾಗಲಿ, ರಸ್ತೆಯಾಗಲಿ, ಮನುಷ್ಯನ ಗಟ್ಟಿತನವಾಗಲಿ, ಎಲ್ಲವನ್ನೂ ಕಬ್ಬಿನ ಟನ್ನಿನಲ್ಲೇ ಅಳೆಯುತ್ತಾರೆ. ಆದರೆ ನೀವೂ ಹಾಗೆ ಅಳೆಯುತ್ತೀರೆಂದು ನಾನು ಎಣಿಸಿರಲಿಲ್ಲ.

ಬ್ರಿಜ್ಜಿನ ಉದ್ದ ಮೂವತ್ತು ಮೀಟರ್. ಎರಡು ಟ್ರ್ಯಾಲಿ ಕಟ್ಟಿದ ಒಂದು ಟ್ರ್ಯಾಕ್ಟರಿನ ಉದ್ದ ಹದಿನೇಳು ಮೀಟರ್. ಒಂಬತ್ತು ಟ್ರ್ಯಾಕ್ಟರ್ ನಿಂತದ್ದು ಖರೆ. ಬ್ರಿಜ್ಜಿನ ಮೇಲಿದ್ದದ್ದು ಎರಡೂ ಪೂರ್ತಿ ಅಲ್ಲ. ಉಳಿದ ಏಳು ಈಚೆ ಆಚೆ ನೆಲದ ಮೇಲೆ ನಿಂತಿದ್ದವು. ಅಂದರೆ ನೀವು ನೋಡುವಾಗ ಬ್ರಿಜ್ಜು ಹೊತ್ತದ್ದು ಅರವತ್ತು ಟನ್ನಿಗೂ ಕಮ್ಮಿ. ನಿಮ್ಮ ಟ್ರೇಲರಿನ ಉದ್ದ ಇಪ್ಪತ್ತನಾಲ್ಕು ಮೀಟರ್. ಅದು ಪೂರ್ತಿ ಬ್ರಿಜ್ಜಿನ ಮೇಲೆ ಬರುತ್ತದೆ. ಇನ್ನೂರು ಟನ್ನಿಗೂ ಹೆಚ್ಚು, ಒಂದೇ ಸಲಕ್ಕೆ.

ನೀರು ಇಳಿದಾಗ ಕೆಳಗೆ ಹೋಗಿ ನೋಡಿದೆ. ನಡುವಿನ ಕಮಾನಿನಲ್ಲಿ ಬಿರುಕು ಇದೆ. ಮೇಲಿನಿಂದ ಕಾಣುವುದಿಲ್ಲ. ಅದಕ್ಕಾಗಿ ಟ್ರ್ಯಾಕ್ಟರ್‌ಗಳಿಗೂ ಇನ್ನು ಮೇಲೆ ಒಂದೇ ಟ್ರ್ಯಾಲಿ ಎಂದು ಬೋರ್ಡು ಹಾಕಿಸಿದ್ದೇನೆ. ಬೋರ್ಡನ್ನು ಯಾರೂ ಓದುತ್ತಿಲ್ಲ, ಬೈಯುವುದನ್ನು ಮಾತ್ರ ಬಿಟ್ಟಿಲ್ಲ. ಮೊನ್ನೆ ನಮ್ಮೂರ ಭೀಮರಾಯ ಕಾಕಾ ಬಸ್ ಸ್ಟ್ಯಾಂಡಿನಲ್ಲಿ ನನಗೆ ಕೇಳುವಂತೆಯೇ ಹೇಳಿದರು: “ಅಪ್ಪನ ಗಾಡೀನ ತಡದಾಕಿ, ನಮ್ಮ ಗಾಡಿ ಬಿಡ್ತಾಳೇನ್ರಿ?”

ಈಗ ಒಂದೇ ದಾರಿ ಇದೆ. ಏಪ್ರಿಲ್ ಎಂಟಕ್ಕೆ ಕೆನಾಲಿನ ನೀರು ನಿಲ್ಲಿಸುತ್ತಾರೆ. ಒಣಗಿದ ಕೆನಾಲಿನೊಳಗೆ ಬ್ರಿಜ್ಜಿನ ಬಾಜೂಕ್ಕೆ ಗರಸು ಮಣ್ಣು ಹಾಕಿ ರಸ್ತೆ ಮಾಡಿಕೊಂಡು ನೀವು ಇಳಿದು ಹತ್ತಬಹುದು. ಅದಕ್ಕೂ ಮೊದಲು ನೀರು ನಿಲ್ಲಿಸುವಂತಿಲ್ಲ. ಹೊಲಗಳಲ್ಲಿ ಬೆಳೆ ಇದೆ.

ಏಪ್ರಿಲ್ ಎಂಟು ಎಂದು ಬರೆಯುವಾಗ ಅದರ ಅರ್ಥ ಏನೆಂದು ನನಗೆ ಗೊತ್ತಿತ್ತು.

ಸಂಘಮಿತ್ರಾ

*

ಮೂಡಲಗಿ
9 ಮಾರ್ಚ್ 2025

ಅಪ್ಪಾ,

ಇಪ್ಪತ್ತೊಂದು ದಿನವಾಯಿತು. ನಿಮ್ಮಿಂದ ಪತ್ರವಿಲ್ಲ, ಫೋನೂ ಇಲ್ಲ. ಅವ್ವನ ಫೋನು ಎತ್ತುತ್ತೀರಂತೆ. ನನ್ನ ಬಗ್ಗೆ ಏನೂ ಕೇಳುವುದಿಲ್ಲವಂತೆ. “ಇಬ್ಬರೂ ಒಂದ ಹೊಟ್ಯಾಗ ಹುಟ್ಟಿದವರಂಗ ಆಡತೀರಿ. ನಡಬರಕ ನಾ ಯಾಕ ಪೋಸ್ಟಮನ್ನನ ಕೆಲಸ ಮಾಡ್ಲಿ?” ಎಂದು ಅವ್ವ ನನಗೇ ಬೈದಳು.

ಸಿಟ್ಟಿದ್ದರೆ ಇರಲಿ. ಈ ಪತ್ರ ಬರೆಯುವುದು ಬೇರೆ ಕಾರಣಕ್ಕೆ. ನಿಮ್ಮ ಕಂಪನಿಯವರು ಹೊರಗಿನ ಒಬ್ಬ ತಜ್ಞರಿಂದ ಬ್ರಿಜ್ಜು ಗಟ್ಟಿ ಇದೆ ಎಂದು ಕಾಗದ ತಂದಿದ್ದಾರೆ. ಅವರು ಬ್ರಿಜ್ಜಿನ ಮೇಲೆ ನಿಂತು ನೋಡಿ ಹೋದರು, ಕೆಳಗೆ ಇಳಿಯಲಿಲ್ಲ. ಅಂದು ನೀರು ತುಂಬಿತ್ತು. ಆ ಕಾಗದ ಮೇಲಿನವರ ಹತ್ತಿರ ಹೋಗಿದೆ. ನನ್ನ ವರದಿ ಒಂದು, ಅವರದು ಒಂದು. ಯಾವುದನ್ನು ಹಿಡಿಯುತ್ತಾರೋ ಗೊತ್ತಿಲ್ಲ. ಅವರದನ್ನೇ ಹಿಡಿದರೆ ಹತ್ತು ದಿನದೊಳಗೆ ನಿಮ್ಮ ಗಾಡಿಯನ್ನು ಬ್ರಿಜ್ಜಿನ ಮೇಲೆ ಬಿಡುತ್ತಾರೆ. ಮಾರ್ಚ್ 31ರ ಒಳಗೆ.

ಆಗ ಮುಂದಿನ ಗಾಡಿಯಲ್ಲಿ ನೀವು ಇರುತ್ತೀರಿ.

ನಾನು ಬೇರೆ ಏನು ಬರೆಯಲಿ?

ಸಂಘಮಿತ್ರಾ

*

ಹುಕ್ಕೇರಿ
14 ಮಾರ್ಚ್ 2025

ಮಿತ್ರಾ,

ನಿನ್ನೆ ನಿನ್ನ ಬ್ರಿಜ್ಜಿನ ಕೆಳಗೆ ಹೋಗಿದ್ದೆ. ನಿನಗೆ ಹೇಳಲಿಲ್ಲ. ಪಾಳಿ ಬದಲಾಗುವ ದಿನವೆಂದು ಇಲ್ಲಿನ ರೈತರನ್ನು ಕೇಳಿ ತಿಳಿದುಕೊಂಡೆ. ಅಶೋಕನೂ ಬಂದ. ಅರಭಾವಿಯಲ್ಲಿ ಬಸ್ಸಿನಿಂದ ಇಳಿದು ನಡೆದೆವು. ಬಸ್ಸಿನ ತುಂಬ ತೋಟಗಾರಿಕೆ ಕಾಲೇಜಿನ ಹುಡುಗ ಹುಡುಗಿಯರು. ಒಬ್ಬ ಹುಡುಗಿ ಎದ್ದು ನನಗೆ ಸೀಟು ಕೊಟ್ಟಳು. ಅರವತ್ತು ಆಗಿಯೇ ಹೋಯಿತು ಅಂದುಕೊಂಡೆ.

ಚಪ್ಪಲಿ ಬಿಟ್ಟು ನೀರಿಗಿಳಿದೆವು. ಹೊರಗೆ ಬಿಸಿಲು, ಕಮಾನಿನ ಕೆಳಗೆ ತಣ್ಣಗೆ. ಮೊದಲು ನನಗೆ ಬಿರುಕು ಕಾಣಲೇ ಇಲ್ಲ. ಕಲ್ಲುಗಳೇ ಕಂಡವು. ಒಂದೊಂದನ್ನೂ ಎಷ್ಟು ಚೊಕ್ಕ ಕೆತ್ತಿದ್ದಾರೆಂದರೆ ನಡುವೆ ಉಗುರು ಹೋಗುವುದಿಲ್ಲ. ಕಬ್ಬಿಣ ಇಲ್ಲ, ಸಿಮೆಂಟು ಇಲ್ಲ. ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಅಶೋಕ ಬಹಳ ಹೊತ್ತು ಕತ್ತೆತ್ತಿ ನೋಡಿ, “ಕಾಕಾ, ಇವನ್ನ ಹೊತ್ತ ತಂದವರ ಹೆಸರರ ಎಲ್ಲಾರ ಬರದಾರೇನ?” ಎಂದ. ಎಲ್ಲೂ ಇರಲಿಲ್ಲ. ಕೆನಾಲ್ ಕೆಲಸಕ್ಕೆ ನಮ್ಮ ಕೇರಿಯಿಂದ ಮಂದಿ ಹೋಗುತ್ತಿದ್ದರೆಂದು ನನ್ನಜ್ಜ ಹೇಳಿದ್ದು ನೆನಪಾಯಿತು. ಅವರು ಈ ಬ್ರಿಜ್ಜಿನ ಕಲ್ಲು ಹೊತ್ತರೋ ಬೇರೆಯದರದೋ, ಯಾರಿಗೆ ಗೊತ್ತು.

ನಡುವಿನ ಕಮಾನಿಗೆ ಬಂದಾಗ ನಿನ್ನ ಕೆಂಪು ಬಣ್ಣದ ಗೆರೆಗಳು ಕಂಡವು. ಬಿರುಕಿನ ತುದಿ ಎಲ್ಲಿಯವರೆಗೆ ಬಂದಿದೆಯೋ ಅಲ್ಲೊಂದು ಗೆರೆ, ಬಾಜೂಕ್ಕೆ ತಾರೀಖು. 2-2. ಅದಕ್ಕಿಂತ ಒಂದು ಗೇಣು ಮುಂದೆ 15-2. ಇನ್ನೊಂದು ಗೇಣು ಮುಂದೆ 8-3. ಅಕ್ಷರ ಗುಂಡಾಗಿ, ನೀನು ಕಾರ್ಡಿನಲ್ಲಿ ಬರೆಯುತ್ತಿದ್ದ ಹಾಗೆಯೇ. ಮೂರು ಸಲ ಒಬ್ಬಳೇ ಈ ನೀರಿನಲ್ಲಿ ನಿಂತು ಕೈ ಎತ್ತಿ ಬರೆದಿದ್ದೀ. ಮೂರನೆಯ ಗೆರೆ ಬರೆದ ಮಾರನೆಯ ದಿನವೇ ನನಗೆ ಪತ್ರ ಹಾಕಿದ್ದೀ.

ನಾನು ಬಿರುಕಿನೊಳಗೆ ಬೆರಳಿಟ್ಟೆ. ಅಷ್ಟರಲ್ಲಿ ಮೇಲೆ ಒಂದು ಕಬ್ಬಿನ ಟ್ರ್ಯಾಕ್ಟರ್ ಬಂತು. ಬೋರ್ಡು ಓದಿದವನಲ್ಲ, ಎರಡು ಟ್ರ್ಯಾಲಿ. ಸದ್ದು ನೆತ್ತಿಯ ಮೇಲೆ ಬಂದಾಗ ಬೆರಳಿನ ಸುತ್ತ ಕಲ್ಲು ಸಡಿಲಾಯಿತು, ಆಮೇಲೆ ಮತ್ತೆ ಬಿಗಿಯಾಯಿತು. ಕೈ ಹೊರಗೆ ತೆಗೆದರೆ ಅಂಗೈ ತುಂಬ ಹಳೆಯ ಸುಣ್ಣದ ಪುಡಿ. ಮೂವತ್ತು ಟನ್ನಿಗೆ ಹೀಗೆ. ನಾನು, ಅಶೋಕ ಒಬ್ಬರ ಮುಖ ಒಬ್ಬರು ನೋಡಿದೆವು. ದಂಡೆಗೆ ಹತ್ತಿ ಕೂತ ಮೇಲೆ ಅವನು, “ನಿಮ್ಮ ಮಗಳ ಬಾಳ ಕಠೀಣ ಅದಾಳ್ರಿ ಕಾಕಾ” ಎಂದ. ನಾನು, “ಇಲ್ಲದಿದ್ರ ನಾವಿಬ್ಬರೂ ಹೋಗತಿದ್ದೆವು” ಎಂದೆ.

ಮೂವತ್ತೊಂದು ವರ್ಷದಲ್ಲಿ ಯಾವ ಸೇತುವೆಯ ಮೇಲೂ ಭಾರ ಎಷ್ಟು, ಉದ್ದ ಎಷ್ಟು ಎಂದು ಕೇಳದೆ ಗಾಲಿ ಇಟ್ಟವನಲ್ಲ. ಅಂಥವನು ರಸ್ತೆಯ ಮೇಲೆ ನಿಂತ ಟ್ರ್ಯಾಕ್ಟರ್ ಎಣಿಸಿ ಬ್ರಿಜ್ಜಿನ ಲೆಕ್ಕ ಹೇಳಿದೆ. ಲೆಕ್ಕ ಬರದೆ ಹಾಗೆ ಹೇಳಲಿಲ್ಲ. ದಾಟಬೇಕೆಂಬ ಆಸೆಗೆ ಹೇಳಿದೆ. ಇಷ್ಟು ದಿನ ನಿನಗೆ ಬರೆಯದೆ ಇದ್ದದ್ದು ಸಿಟ್ಟಿಗಲ್ಲ. ನಿನ್ನ ಪತ್ರ ಓದಿದ ದಿನವೇ ತಪ್ಪು ಗೊತ್ತಾಗಿತ್ತು. ಒಪ್ಪಿಕೊಳ್ಳಲು ಅಷ್ಟು ದಿನ ಹಿಡಿಯಿತು.

ಇವತ್ತು ಮುಂಜಾನೆ ಕಂಪನಿಗೆ ಬರೆದುಕೊಟ್ಟಿದ್ದೇನೆ: ‘ಈ ಸೇತುವೆಯ ಮೇಲೆ ಗಾಡಿ ನಡೆಸಲು ನಾನು ಒಪ್ಪುವುದಿಲ್ಲ. ಕಾರಣ, ನಾನೇ ಕೆಳಗಿಳಿದು ನೋಡಿದ್ದೇನೆ.’ ಚಾಲಕ ಒಲ್ಲೆ ಎಂದರೆ ಗಾಡಿ ಹೊರಡುವುದಿಲ್ಲ. ಅಶೋಕನೂ ಕೆಳಗೆ ಸಹಿ ಹಾಕಿದ. ಸಾಹೇಬರು ಫೋನಿನಲ್ಲಿ ಕೂಗಾಡಿದರು. “ಹದಿನೇಳು ದಿನದ ನೌಕರಿ ಉಳದೈತಿ, ಈಗ ಶಾಣ್ಯಾತನ ಬಂತೇನು?” ಎಂದು ಹಿಂದಿಯಲ್ಲಿ ಹೇಳಿದರು. ಹೌದ್ರಿ, ಈಗ ಬಂತು ಎಂದೆ.

ಏಪ್ರಿಲ್ ಎಂಟಕ್ಕೆ ಕಾಯುತ್ತೇವೆ ಎಂದು ಅವರೂ ಕಡೆಗೆ ಒಪ್ಪಿದ್ದಾರೆ. ಗಾಡಿ ದಾಟುವಾಗ ಸ್ಟೇರಿಂಗಿನ ಮೇಲೆ ನಾನು ಇರುವುದಿಲ್ಲ. ಅವ್ವನಿಗೆ ಇದನ್ನು ನೀನೇ ಹೇಳು. ನನ್ನಿಂದ ಆಗುತ್ತಿಲ್ಲ.

ಅಪ್ಪ

*

ಮೂಡಲಗಿ
28 ಮಾರ್ಚ್ 2025

ಅಪ್ಪಾ,

ಅವ್ವನಿಗೆ ಹೇಳಿದೆ. ಕೇಳಿ ಒಳಗೆ ಹೋಗಿ ನಿಮ್ಮ ಹಳೆಯ ಟ್ರಂಕು ತೆಗೆದು, ಅದರಲ್ಲಿದ್ದ ಅರಿವೆ ಬಿಸಿಲಿಗೆ ಹಾಕಿದಳು. “ಒಂದನೇ ತಾರೀಖಿಗೆ ಬರತಾರಲ್ಲ” ಎಂದಳು, ಅಷ್ಟೇ.

ಕೆನಾಲಿನೊಳಗಿನ ರಸ್ತೆಯ ನಕ್ಷೆ ಮುಗಿಸಿದ್ದೇನೆ. ಇಳಿಜಾರು ಎಷ್ಟಿರಬೇಕು, ಗರಸು ಎಷ್ಟು ಪದರ, ಅದರ ಮೇಲೆ ಕಬ್ಬಿಣದ ಹಲಗೆ ಎಷ್ಟು ಎಂದು ಬರೆದು ಇದರ ಜೊತೆ ಒಂದು ಪ್ರತಿ ಇಟ್ಟಿದ್ದೇನೆ. ನೋಡಿ ತಪ್ಪಿದ್ದರೆ ತಿದ್ದಿ ಕಳಿಸಿ. ಗಾಡಿ ಹೇಗೆ ಇಳಿಯುತ್ತದೆಂದು ಪುಸ್ತಕದಲ್ಲಿ ಓದಿದ್ದೇನೆಯೇ ಹೊರತು ಕಂಡಿಲ್ಲ.

ನಿಮ್ಮ ಹತ್ತಿರ ನಾನು ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ವರದಿ ತಪ್ಪೆಂದಾಗುತ್ತದೆ. ಆದರೆ ಆ ವರದಿ ಟೈಪ್ ಮಾಡಿದ ದಿನ ಕಚೇರಿಯಿಂದ ಬಂದು ಅಡುಗೆ ಮಾಡಲಿಲ್ಲ, ದೀಪವನ್ನೂ ಹಚ್ಚಲಿಲ್ಲ. ಇದು ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಮಿತ್ರಾ

*

ಮಸಗುಪ್ಪಿ
18 ಏಪ್ರಿಲ್ 2025

ಮಿತ್ರಾ,

ನೀನು ಇರುವುದು ಇಲ್ಲಿಂದ ಅರ್ಧ ತಾಸಿನ ದಾರಿಯಲ್ಲಿ. ಆದರೂ ಬರೆಯುತ್ತಿದ್ದೇನೆ. ಮೊನ್ನೆ ಹದಿನಾರನೇ ತಾರೀಖು ಗಾಡಿ ಕೆನಾಲು ದಾಟುವಾಗ ನಿನಗೆ ಕೆಲಸ ಇತ್ತು, ನನಗೆ ಬಾಯಿ ಬರಲಿಲ್ಲ.

ಒಂದನೇ ತಾರೀಖು ಕೀಲಿ ಅಶೋಕನ ಕೈಗೆ ಕೊಟ್ಟು ಬಸ್ಸು ಹತ್ತಿದ್ದು ನಿನಗೆ ಗೊತ್ತು. ಹಿಂದಿನ ಗಾಡಿಗೆ ಕಂಪನಿಯವರು ಬೇರೆ ಚಾಲಕನನ್ನು ಕಳಿಸಿದರು. ದಾಟುವ ದಿನ ಬಾಜೂಕ್ಕೆ ಬಂದು ಕೂಡಿ ಎಂದು ಅಶೋಕ ಎರಡು ಸಲ ಫೋನು ಮಾಡಿದ. ಬಾಜೂಕ್ಕೆ ಮುದುಕ ಕೂತರೆ ನೀನು ರಸ್ತೆ ಬಿಟ್ಟು ಅವನ ಮುಖ ನೋಡುತ್ತೀ, ಒಬ್ಬನೇ ನಡೆಸು ಎಂದೆ.

ಆ ದಿನ ಮುಂಜಾನೆ ಏಳಕ್ಕೇ ಊರಿನ ಅರ್ಧ ಮಂದಿ ಟ್ರ್ಯಾಕ್ಟರ್ ಹತ್ತಿ ಕೆನಾಲಿನ ದಂಡೆಗೆ ಬಂದಿದ್ದರು. ಹದಿನಾಲ್ಕನೇ ತಾರೀಖಿನ ಜಯಂತಿಗೆ ಕಟ್ಟಿದ ನೀಲಿ ಪತಾಕೆಗಳು ಇನ್ನೂ ಟ್ರ್ಯಾಕ್ಟರಿನ ಮೇಲಿದ್ದವು. ಅವ್ವ ಹೊಸ ಸೀರೆ ಉಟ್ಟಿದ್ದಳು. ಭೀಮರಾಯ ನನ್ನನ್ನು ನೋಡಿ ಎಲ್ಲರಿಗೂ ಕೇಳುವಂತೆ, “ಏನೋ ಕೇದಾರಿ, ಗಾಡಿ ನಿಂದು ಅಂದಿ, ನೀ ಇಲ್ಲಿ ನಿಂತೀ?” ಎಂದ. ನಾನು ಉತ್ತರ ಕೊಡುವುದರೊಳಗೆ ಗಾಡಿ ತಿರುವಿನಲ್ಲಿ ಬಂತು.

ಮಿತ್ರಾ, ನಾನು ಆ ಗಾಡಿಯನ್ನು ಹೊರಗಿನಿಂದ, ನಡೆಯುವಾಗ, ಯಾವತ್ತೂ ನೋಡಿರಲಿಲ್ಲ. ಇಷ್ಟು ವರ್ಷ ನಾನು ನೋಡಿದ್ದು ಮುಂದಿನ ರಸ್ತೆ, ಎರಡು ಕನ್ನಡಿ, ದಾರಿ ತೋರಿಸುತ್ತ ಮುಂದೆ ನಡೆಯುವವನ ಬೆನ್ನು. ಮೊನ್ನೆ ಮೊದಲು ಗಿಡಗಳ ಮೇಲೆ ಅದರ ತಲೆ ಬಂತು. ಆಮೇಲೆ ಬರುತ್ತಲೇ ಇತ್ತು, ಮುಗಿಯಲೇ ಇಲ್ಲ. ಕಾಲ ಕೆಳಗಿನ ದಂಡೆ ಸಣ್ಣಗೆ ನಡುಗಿತು. ಅಷ್ಟು ಗಾಲಿಗಳು ಒಂದೇ ಪ್ರಾಣಿಯ ಕಾಲಿನಂತೆ ತಗ್ಗು ಬಂದಲ್ಲಿ ತಗ್ಗಿದವು, ದಿಬ್ಬ ಬಂದಲ್ಲಿ ಎದ್ದವು. ಮೇಲಿನ ಭಾರ ಮಾತ್ರ ಒಂದು ಎಳೆಯೂ ಓರೆಯಾಗಲಿಲ್ಲ. ಹೈಡ್ರಾಲಿಕ್ ಎಣ್ಣೆಯ ಒತ್ತಡದಿಂದ ಹಾಗಾಗುತ್ತದೆಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಕಣ್ಣಿಗೆ ಕಂಡಾಗ ನನಗೇ ನಂಬಿಕೆ ಬರಲಿಲ್ಲ. ಅವ್ವ ನನ್ನ ಕಡೆ ತಿರುಗಿ, “ಇದನ್ನ ನೀವು ಹೊಡೀತಿದ್ರೇನ್ರಿ?” ಎಂದಳು. ಹೂಂ ಎಂದೆ. “ಖರೇನ?” ಎಂದು ಇನ್ನೊಮ್ಮೆ ಕೇಳಿದಳು. ನನ್ನ ಕೈ ಹಿಡಿದು ತಿರುಗಿಸಿ ಅಂಗೈ ನೋಡಿದಳು.

ಗಾಡಿ ಕೆನಾಲಿನೊಳಗೆ ಇಳಿಯತೊಡಗಿತು. ಆಗ ನೀನು ಕಂಡೆ. ತಲೆಗೆ ಹಳದಿ ಟೋಪಿ, ಕೈಯಲ್ಲಿ ಅಳತೆ ಕೋಲು, ಗಾಡಿಯ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದೆ. ನಟ್ಟನಡುವೆ ಬಂದಾಗ ಕೈ ಎತ್ತಿದೆ. ಇನ್ನೂರೈವತ್ತು ಟನ್ ನಿಂತಿತು. ಎಂಜಿನ್ ಸದ್ದು ಇಳಿಯಿತು. ದಂಡೆಯ ಮೇಲೆ ಅಷ್ಟು ಮಂದಿ ಇದ್ದರು, ಒಂದು ಕೂಸೂ ಅಳಲಿಲ್ಲ. ನೀನು ಕೂತು ಹಲಗೆಯ ಕೆಳಗೆ ಬಗ್ಗಿ ನೋಡಿದೆ. ಕೋಲು ಇಟ್ಟೆ, ಬರೆದುಕೊಂಡೆ. ಯಾವ ಅವಸರವೂ ಇಲ್ಲ.

“ಯಾಕ ನಿಂತ್ರು ಎಲ್ಲಾರೂ?” ಎಂದು ಅವ್ವ ಪಿಸುಗುಟ್ಟಿದಳು.

“ನಿನ್ನ ಮಗಳು ಕೈ ಎತ್ಯಾಳ” ಎಂದೆ.

ನೀನು ಎದ್ದು, ಬಾ ಎಂದು ಕೈ ಮಾಡಿದೆ. ಅಶೋಕ ಏರು ಹತ್ತಲು ಎಂಜಿನಿಗೆ ಜೋರು ಕೊಟ್ಟ. ಚೊಲೊ ಕೊಟ್ಟ, ನಾನು ಕೊಡುವುದಕ್ಕಿಂತ ಒಂದಿಷ್ಟು ಮೊದಲೇ. ಯಾವಾಗಿನಿಂದಲೋ ಗೊತ್ತಿಲ್ಲ, ನನ್ನ ಬಲಗಾಲು ದಂಡೆಯ ಮಣ್ಣನ್ನು ಒತ್ತಿ ಹಿಡಿದಿತ್ತು. ಚಪ್ಪಲಿ ಅರ್ಧ ಹೂತಿತ್ತು. ಬ್ರೇಕು ಹಿಡಿದಿದ್ದೆ. ನನಗೆ ಅದರ ಖಬರಿಲ್ಲ. ಅವ್ವ ನೋಡಿದಳು.

“ಕಾಲ ತಗೀರಿ,” ಎಂದಳು. “ಹೋಗಲಿ ಅದು.”

ತೆಗೆದೆ. ಗಾಡಿ ದಂಡೆ ಹತ್ತಿ ಮೂಡಲಗಿಯ ಕಡೆ ಹೋಯಿತು.

ಅಪ್ಪ